ಶನಿಯ ಬಳೆಯ ನಮೂನೆ

ನನ್ನ ತಮ್ಮನಿಗೆ ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ ಇತ್ತು. ಆ ವ್ಯಾಪಾರದಲ್ಲಿ ಮಾಲು ಬರುವ ಮೊದಲು ನಮೂನೆ ಬರುತ್ತದೆ. ಒಂದು ಹಿಡಿ ಹತ್ತಿಯನ್ನು ನೀಲಿ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಕೊಳ್ಳುವವನು ಅದರಿಂದ ಒಂದು ಚಿಟಿಕೆ ತೆಗೆದು, ಎರಡು ಕೈಗಳ ಬೆರಳ ತುದಿಯಲ್ಲಿ ಹಿಡಿದೆಳೆದು, ಎಳೆಯ ಉದ್ದ ನೋಡಿ ಮಾತು ಕೊಡುತ್ತಾನೆ. ಮುಂದೆ ಗಾಡಿ ತುಂಬ ಅಂಡಿಗೆಗಳು, ಹತ್ತಿ ತುಂಬಿದ ದೊಡ್ಡ ಚೀಲಗಳು, ಬಂದು ನಿಂತಾಗ ನೀಲಿ ಕಾಗದ ಬಿಚ್ಚಿ ಹೋಲಿಸುತ್ತಾನೆ. ಹೊಂದಿದರೆ ಅಂಡಿಗೆ ಇಳಿಯುತ್ತದೆ, ಹೊಂದದಿದ್ದರೆ ಗಾಡಿ ಬಂದ ದಾರಿಯಲ್ಲೇ ತಿರುಗುತ್ತದೆ. ತಮ್ಮ ಎಲ್ಲವನ್ನೂ ಹೀಗೆಯೇ ತೂಗುತ್ತಿದ್ದ. ಒಮ್ಮೆ ಶನಿಗ್ರಹವನ್ನೂ ಹೀಗೆಯೇ ತೂಗಿದ. ಅವನ ಮಗಳ ಓದು ಆ ತೂಕದ ಮೇಲೆ ನಿಂತಿತ್ತು.

ನಾನು ಸವದತ್ತಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿಯಾಗಿದ್ದೆ. ಅದಕ್ಕೂ ಮುಂಚೆ ಸುರೇಬಾನದಲ್ಲಿ ಕಲಿಸಿದ್ದೆ. ನಸುಕಿನಲ್ಲಿ ಏಳುವುದು, ಘಂಟೆಗೆ ಮೊದಲೇ ಶಾಲೆ ಮುಟ್ಟುವುದು, ತಂದ ವಸ್ತುವನ್ನು ತಂದ ಜಾಗದಲ್ಲೇ ಇಡುವುದು, ಇವು ನನಗೆ ತಾಯಿಯ ಮನೆಯಿಂದಲೇ ಬಂದ ಅಭ್ಯಾಸಗಳು. ೧೯೯೫ರಲ್ಲಿ ದೀಪಾವಳಿಯ ಅಮಾವಾಸ್ಯೆಯ ದಿನ ಸೂರ್ಯಗ್ರಹಣವಿತ್ತು. ಅದಕ್ಕೆಂದು ಆ ಬೇಸಿಗೆಯಲ್ಲಿ ಧಾರವಾಡದಲ್ಲಿ ಶಿಕ್ಷಕರಿಗೆ ದುರ್ಬೀನು ಮಾಡುವುದನ್ನು ಕಲಿಸಿದರು. ಗಾಜಿನ ಬಿಲ್ಲೆಯ ಮೇಲೆ ಇನ್ನೊಂದು ಬಿಲ್ಲೆಯಿಟ್ಟು, ನಡುವೆ ಮರಳಿನಂಥ ಪುಡಿ ಹಾಕಿ, ನೀರು ಬಿಟ್ಟು ತಿಕ್ಕಬೇಕು. ತಿಕ್ಕಿದಂತೆಲ್ಲ ಕೆಳಗಿನದು ಉಬ್ಬುತ್ತದೆ, ಮೇಲಿನದು ತಗ್ಗುತ್ತದೆ. ಆ ತಗ್ಗೇ ಕನ್ನಡಿ. ಒಂದೇ ಕೆಲಸವನ್ನು ಒಂದೇ ರೀತಿ ದಿನವಿಡೀ ಮಾಡುವುದು ಅನೇಕರಿಗೆ ಬೇಸರ ತರಿಸಿತು. ನನಗೆ ಅದು ಹಿಡಿಸಿತು. ಊರಿಗೆ ಬರುವಾಗ ಆ ಕನ್ನಡಿ ಕೂರಿಸಿದ ಆಳೆತ್ತರದ ಕೊಳವೆಯೊಂದು ನನ್ನ ಜೊತೆಗಿತ್ತು.

ತಮ್ಮನ ಮಗಳು ಆಗ ಬೈಲಹೊಂಗಲದಲ್ಲೇ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಭೌತಶಾಸ್ತ್ರದಲ್ಲಿ ಮುಂದೆ ಓದಬೇಕು, ಧಾರವಾಡಕ್ಕೆ ಹೋಗಬೇಕು ಎಂಬುದು ಅವಳ ಆಸೆ. ಓದಿಗೆ ತಮ್ಮನ ವಿರೋಧ ಇರಲಿಲ್ಲ. ಅವನಿಗೆ ಅಂಜಿಕೆ ಇದ್ದದ್ದು ಶನಿಯದು. ಹುಡುಗಿಯದು ಮೀನ ರಾಶಿ. ಪಂಚಾಂಗ ನೋಡುವ ಅಯ್ಯನವರು ಅವಳಿಗೆ ಸಾಡೇಸಾತಿ ಶುರುವಾಗಿದೆ, ಏಳೂವರೆ ವರ್ಷ ಶನಿ ಹೆಗಲ ಮೇಲಿರುತ್ತಾನೆ, ಹೊಸ ಕೆಲಸಕ್ಕೆ ಕೈಹಾಕುವುದು ಬೇಡ ಎಂದು ಹೇಳಿದ್ದರು. ತಮ್ಮ ಅದನ್ನು ಅಕ್ಷರಶಃ ಪಾಲಿಸಿದ. ಮಗಳಿಗೆ ಮದುವೆಯ ಮಾತನ್ನೂ ಎತ್ತಲಿಲ್ಲ, ಮುಂದಿನ ಓದಿನ ಮಾತನ್ನೂ ಎತ್ತಗೊಡಲಿಲ್ಲ. ಏಳೂವರೆ ವರ್ಷ ಮನೆಯಲ್ಲಿ ಕುಳಿತ ಹುಡುಗಿಗೆ ಮತ್ತೆ ಯಾವ ವಿಶ್ವವಿದ್ಯಾಲಯ ಬಾಗಿಲು ತೆರೆಯುತ್ತದೆ? ನಾನು ಹೋದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ. ಅವನು ಕೇಳುತ್ತಿದ್ದ, ಚಹಾ ತರಿಸುತ್ತಿದ್ದ, ಮಾತು ಬದಲಿಸುತ್ತಿದ್ದ.

ಗ್ರಹಣ ಮುಗಿದ ಮೇಲೆ ಅವನೇ ಹೇಳಿ ಕಳಿಸಿದ, ದುರ್ಬೀನು ತೆಗೆದುಕೊಂಡು ಬಾ ಎಂದು. ಶನಿ ಅದರಲ್ಲಿ ಕಾಣುತ್ತಾನೆಂದು ಪೇಟೆಯಲ್ಲಿ ಯಾರೋ ಅಂದಿದ್ದರಂತೆ. ಕೊಳವೆಯನ್ನು ಕೌದಿಯಲ್ಲಿ ಸುತ್ತಿ ನಾನು ಸವದತ್ತಿಯ ಬಸ್ಸು ಹತ್ತಿದೆ. ಕಂಡಕ್ಟರ್ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

“ಬೋರಿನ ಪೈಪೇನ್ರೀ ಅಕ್ಕಾರ?”

ಶನಿಯನ್ನು ನೋಡುವ ಯಂತ್ರ ಎಂದೆ. ಅವನು ಲಗೇಜಿನ ಚೀಟಿ ಹರಿಯುತ್ತಿದ್ದವನು ಕೈ ನಿಲ್ಲಿಸಿ, ಹಾಗಾದರೆ ಅದರ ಬಾಯಿ ಡ್ರೈವರ್ ಕಡೆ ಮಾಡಬೇಡಿರಿ, ಗಾಡಿ ಮೊದಲೇ ಹಳೆಯದು ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕೊಳವೆಯ ಬಾಯಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕುಳಿತೆ.

ಆ ಸಂಜೆ ದೀಪ ಹಚ್ಚಿದ ಮೇಲೆ ಮಾಳಿಗೆಯ ಮೇಲೆ ದುರ್ಬೀನು ನಿಲ್ಲಿಸಿದೆವು. ಮಳೆಗಾಲ ಕಳೆದು ಆಕಾಶ ತೊಳೆದಂತಿತ್ತು. ಊಟಕ್ಕೆ ಇನ್ನೂ ಹೊತ್ತಿತ್ತು. ಶನಿ ಎತ್ತರದಲ್ಲೇ ಇದ್ದ. ಯಾಕೆ ನೋಡಬೇಕೆನ್ನಿಸಿತು ಎಂದು ತಮ್ಮನನ್ನು ಕೇಳಿದೆ.

“ಮನಿಗೆ ಬಂದು ಕುಂತಾವನ ಮುಖ ಒಮ್ಮೆರ ನೋಡಬೇಕಲ್ಲ ಅಕ್ಕಾ,” ಎಂದ.

ನೋಡುವ ಮೊದಲೇ ನಾನು ಎಚ್ಚರಿಸಿದೆ. ಪುಸ್ತಕದಲ್ಲಿ ಶನಿಯ ಸುತ್ತ ಬಳೆ ಇರುತ್ತದೆ. ಈ ವರ್ಷ ಅದು ಕಾಣುವುದಿಲ್ಲ. ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ನೋಡು. ಅವನು ಚಪ್ಪಲಿ ಬಿಟ್ಟು, ಕೈಮುಗಿದು, ಕಣ್ಣು ಹಚ್ಚಿದ. ಬುಂದಿ ಕಾಳಿನಷ್ಟು ಗಾತ್ರದ, ಬುಂದಿಯದೇ ಬಣ್ಣದ ಗುಂಡು. ಅತ್ತ ಏನೂ ಇಲ್ಲ, ಇತ್ತ ಏನೂ ಇಲ್ಲ. ಬಹಳ ಹೊತ್ತು ನೋಡಿದ. ಮತ್ತೆ ಕೈಮುಗಿದು ಕೆಳಗಿಳಿದ. ಕಾರಣ ಕೇಳಲೇ ಇಲ್ಲ.

ಕಾರಣವನ್ನು ಅವನೇ ಹುಡುಕಿಕೊಂಡಿದ್ದ. ಮರುದಿನ ಮುಂಜಾನೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದವನ ಮುಖದ ಮೇಲೆ ಎಷ್ಟೋ ದಿನಗಳಿಂದ ಕಾಣದ ಗೆಲವು ಇತ್ತು.

“ಚಕ್ರ ಕೆಳಗಿಟ್ಟಾನ ಅಕ್ಕಾ. ನಾನ ಕಣ್ಣಾರೆ ನೋಡಿದೆ. ಹುಡುಗಿ ಧಾರವಾಡಕ್ಕ ಹೋಗಲಿ.”

ಅವನ ಲೆಕ್ಕ ನನಗೆ ಆಗ ತಿಳಿಯಿತು. ಶಾಲೆಯ ಪುಸ್ತಕದ ಚಿತ್ರದಲ್ಲಿ ಕಂಡ ಬಳೆಯನ್ನು ಅವನು ಮೊದಲಿನಿಂದಲೂ ಶನಿಯ ಕೈಯ ಆಯುಧ ಎಂದೇ ತಿಳಿದಿದ್ದ. ಶನಿ ಆಯುಧ ಕೆಳಗಿಟ್ಟಿದ್ದಾನೆ, ಸಿಟ್ಟು ಇಳಿದಿದೆ, ಸಾಡೇಸಾತಿ ಹೆಸರಿಗಷ್ಟೇ ಉಳಿದಿದೆ. ಅಡುಗೆ ಮನೆಯಲ್ಲಿ ಅವನ ಹೆಂಡತಿ ಆಗಲೇ ಸಿಹಿ ಸಜ್ಜಕ ಮಾಡಲು ರವೆ ಹುರಿಯುತ್ತಿದ್ದಳು.

ಹುಡುಗಿ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಸಂತೋಷಪಟ್ಟಿರಬೇಕು ಎಂದುಕೊಂಡು ಹತ್ತಿರ ಹೋದರೆ ಮುಖ ಬಾಡಿತ್ತು. ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಎಂದಳು. ಅವಸರ ಬೇಡ, ಅಡ್ಮಿಶನ್ ಒಂದು ಆಗಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದೆ. ಅವಳು ಒದ್ದೆ ಸೀರೆಯನ್ನು ಝಾಡಿಸಿ ಹಗ್ಗಕ್ಕೆ ಹಾಕಿದಳು.

“ತಪ್ಪು ಉತ್ತರಕ್ಕ ಪೂರಾ ಮಾರ್ಕ್ಸ್ ತೊಗೊಂಡು ಹ್ಯಾಂಗ ಹೋಗಲ್ರಿ ಅತ್ತಿ? ಮುಂದಿನ ವರ್ಷ ಬಳಿ ಕಂಡ್ರ ಅಪ್ಪ ನನ್ನ ಅರ್ಧಕ್ಕ ಕರಕೊಂಡು ಬರತಾನ.”

ಅವಳ ಮಾತಿನಲ್ಲಿ ನೀತಿಯೂ ಇತ್ತು, ಲೆಕ್ಕವೂ ಇತ್ತು. ಹೇಳು, ಆದರೆ ಅವನು ಉಂಡ ಮೇಲೆ ಹೇಳು ಎಂದೆ.

ಅವನು ಉಣ್ಣುತ್ತಿರುವಾಗಲೇ ಅವಳು ಹೇಳಿದಳು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ ಇಡುತ್ತಾರೆ. ಹಿಡಿದರೆ ಹಲಗೆಯಂತೆ ನಿಲ್ಲುತ್ತದೆ. ಅಂಥದೊಂದು ರೊಟ್ಟಿ ತೆಗೆದುಕೊಂಡು ನಡುವೆ ಮೆಲ್ಲಗೆ ಮುರಿದು ತೂತು ಮಾಡಿದಳು. ತೂತಿನಲ್ಲಿ ಒಂದು ಉಳ್ಳಾಗಡ್ಡಿ ಕೂರಿಸಿದಳು. ರೊಟ್ಟಿ ಹಾಳು ಮಾಡುತ್ತೀಯೆಂದು ಅವಳ ತಾಯಿ ಬೈದಳು. ಹುಡುಗಿ ಅದನ್ನು ಅಪ್ಪನ ಮುಂದೆ ತುಸು ಓರೆಯಾಗಿ ಹಿಡಿದಳು. ಉಳ್ಳಾಗಡ್ಡಿ ಶನಿ, ರೊಟ್ಟಿ ಬಳೆ, ಪುಸ್ತಕದಲ್ಲಿ ಇದ್ದಂತೆಯೇ. ಆಮೇಲೆ ನಿಧಾನವಾಗಿ ತಿರುಗಿಸಿ ರೊಟ್ಟಿಯ ಅಂಚು ಅವನ ಕಣ್ಣಿಗೆ ಸಮವಾಗಿ ಬರುವಂತೆ ಮಾಡಿದಳು. ರೊಟ್ಟಿ ಹೋಗಿ ಗೆರೆ ಉಳಿಯಿತು. ಬಾಗಿಲಿನ ಬೆಳಕೂ ಅಂಚಿಗೇ ಬೀಳುತ್ತಿದ್ದುದರಿಂದ ಆ ಗೆರೆಯೂ ಕಂಡೂ ಕಾಣದಂತಾಯಿತು. ಶನಿ ಬಳೆ ಕೆಳಗಿಟ್ಟಿಲ್ಲ, ಈಗ ಅದರ ಅಂಚು ನಮ್ಮ ಕಡೆಗೂ ಸೂರ್ಯನ ಕಡೆಗೂ ತಿರುಗಿದೆ, ಅದಕ್ಕೇ ಬೆಳಕಿಲ್ಲ, ಬರುವ ವರ್ಷ ಮತ್ತೆ ಕಾಣುತ್ತದೆ ಎಂದಳು. ಅದು ಆಯುಧವಲ್ಲ, ಬರ್ಫದ ತುಂಡುಗಳ ಸಾಲು, ಸಾಸಿವೆಯಷ್ಟು ಸಣ್ಣವೂ ಇವೆ, ಮನೆಯಷ್ಟು ದೊಡ್ಡವೂ ಇವೆ ಎಂದಳು.

ತಮ್ಮ ರೊಟ್ಟಿಯನ್ನು ಅವಳ ಕೈಯಿಂದ ತೆಗೆದುಕೊಂಡ. ತಾನೇ ಓರೆ ಮಾಡಿದ, ತಾನೇ ನೇರ ಮಾಡಿದ. ಉಳ್ಳಾಗಡ್ಡಿ ಕೆಳಗೆ ಬಿತ್ತು. ರೊಟ್ಟಿಯನ್ನು ಮುರಿದು ಪಲ್ಯದ ಜೊತೆ ತಿಂದು, ಕೈ ತೊಳೆದು, ಟೊಪ್ಪಿಗೆ ಹಾಕಿಕೊಂಡು ಅಂಗಡಿಗೆ ಹೋದ. ಸಜ್ಜಕ ಹಾಗೆಯೇ ಉಳಿಯಿತು. ಅವನ ಹೆಂಡತಿ ಮಗಳ ಕಡೆ ನೋಡಿ, ಕೊಟ್ಟದ್ದನ್ನು ನೀನೇ ಹಿಂದಕ್ಕೆ ಕೊಟ್ಟೆಯಲ್ಲ ಎಂದಳು. ಹುಡುಗಿ ಬಿದ್ದ ಉಳ್ಳಾಗಡ್ಡಿ ಎತ್ತಿ ಬುಟ್ಟಿಗೆ ಹಾಕಿದಳು.

ಸಂಜೆ ಅಂಗಡಿಯಿಂದ ಕರೆ ಬಂತು. ನಾನೂ ಹುಡುಗಿಯೂ ಹೋದೆವು. ತಮ್ಮ ಗಾದಿಯ ಮೇಲೆ ಕುಳಿತಿದ್ದ. ರಾಮದುರ್ಗದ ಕಡೆಯ ಹತ್ತಿಯ ನಮೂನೆ ಬಂದಿತ್ತು, ನೀಲಿ ಕಾಗದಗಳು ಮುಂದೆ ಹರಡಿದ್ದವು. ಬೇರೆಯವರು ಹೋಗುವವರೆಗೆ ಕಾದ.

“ಹಂಗಾರ ಬಳಿ ಐತಿ,” ಎಂದ.

“ಐತ್ರಿ ಅಪ್ಪಾ.”

“ಬರೋ ದೀಪಾವಳಿಗೆ ಹ್ಯಾಂಗ ಕಾಣತೈತಿ, ಈಗ ಬರದು ಕೊಡತೀ ಏನು?”

ಅವಳು ತಯಾರಾಗಿಯೇ ಬಂದಿದ್ದಳು ಎಂದು ನನಗೆ ಅನ್ನಿಸಿತು. ಕಾಲೇಜಿನಲ್ಲಿದ್ದ ಕೋಷ್ಟಕ ನೋಡಿ ಬಳೆ ಎಷ್ಟು ವಾಲುತ್ತದೆ ಎಂಬುದನ್ನು ಮೊದಲೇ ತಿಳಿದುಕೊಂಡಿದ್ದಳು. ತಮ್ಮ ಬಿಳಿ ಕಾಗದ ಕೊಟ್ಟ. ಅವಳು ಒಂದು ಗುಂಡು ಬರೆದು, ಅದರ ಎರಡೂ ಬದಿಗೆ ಸೂಜಿ ಚುಚ್ಚಿದಂತೆ ತೆಳ್ಳನೆಯ ಬಳೆ ಬರೆದಳು. ತಮ್ಮನಿಗೆ ಅದು ಸಾಲಲಿಲ್ಲ. ಪುಸ್ತಕದಲ್ಲಿ ಹ್ಯಾಟಿನಷ್ಟು ಅಗಲ ಇರುತ್ತದಲ್ಲ, ಇದೇನು ಇಷ್ಟು ಕಡಿಮೆ ಎಂದು ಕೇಳಿದ.

“ಒಂದು ವರ್ಷದಾಗ ಇಷ್ಟ ತೆರಿತೈತ್ರಿ. ಹೆಚ್ಚು ಬರದು ಕೊಟ್ರ ಸುಳ್ಳಾಗತೈತಿ.”

ತಮ್ಮ ನನ್ನ ಕಡೆ ನೋಡಿದ. ಅಂಗಡಿಗೆ ಬರುವವರು ನಮೂನೆಯಲ್ಲಿ ಉದ್ದ ಎಳೆಯನ್ನು ಆರಿಸಿಟ್ಟು ತರುವುದನ್ನು ಅವನು ದಿನಾಲೂ ನೋಡುವವನು. ಕಡಿಮೆ ತೋರಿಸಿ ಮಾತು ಕೊಡುವವರು ಅವನಿಗೆ ಅಪರೂಪ. ಚಿತ್ರವನ್ನು ಮಡಿಸಿ ನೀಲಿ ಕಾಗದದಲ್ಲಿ ಸುತ್ತಿ, ಮೇಲೆ ಮಗಳ ಕೈಯಿಂದ ಸಹಿ ಹಾಕಿಸಿ, ಗೂಡಿನಲ್ಲಿಟ್ಟ. ಕರಾರು ಇಷ್ಟು. ಅವಳು ಮೊದಲ ವರ್ಷಕ್ಕೆ ಧಾರವಾಡಕ್ಕೆ ಹೋಗುವುದು. ದೀಪಾವಳಿಗೆ ಶನಿಯನ್ನು ನೋಡುವುದು. ಮಾಲು ನಮೂನೆಗೆ ಹೊಂದಿದರೆ ಓದು ಪೂರ್ತಿ ಮಾಡುವುದು. ಹೊಂದದಿದ್ದರೆ ಅಯ್ಯನವರ ಮಾತು ನಡೆಯುವುದು, ಅವಳು ಸಾಡೇಸಾತಿ ಮುಗಿಯುವವರೆಗೆ ಮನೆಯಲ್ಲಿರುವುದು. ಆಕಾಶ ಹತ್ತಿಯಲ್ಲ, ಮೋಡ ಬಂದರೆ ಏನು ಮಾಡುತ್ತೀ ಎಂದು ನಾನು ಜಗಳ ತೆಗೆದೆ. ಹುಡುಗಿ ನನ್ನ ಸೆರಗು ಹಿಡಿದು ಎಳೆದಳು. ಅವಳಿಗೆ ಕರಾರು ಒಪ್ಪಿಗೆಯಾಗಿತ್ತು.

ಆ ಒಂದು ವರ್ಷ ನನಗೆ ಉದ್ದವಾಗಿತ್ತು. ಶನಿಯ ಮೇಲೆ ನನಗೆ ಸಂಶಯವಿರಲಿಲ್ಲ. ಅವನಷ್ಟು ಶಿಸ್ತಿನವರನ್ನು ನಾನು ಯಾವ ಶಾಲೆಯಲ್ಲೂ ಕಂಡಿಲ್ಲ, ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುತ್ತಾನೆ. ನನ್ನ ಸಂಶಯ ನನ್ನ ಕನ್ನಡಿಯ ಮೇಲೆ. ಸೂಜಿಯಂಥ ಬಳೆಯನ್ನು ಅದು ತೋರಿಸದಿದ್ದರೆ? ಬೇಸಿಗೆ ರಜೆಯಲ್ಲಿ ಅದನ್ನು ಬಿಚ್ಚಿ, ಧಾರವಾಡಕ್ಕೆ ಒಯ್ದು, ಹೊಳಪು ಮತ್ತೊಮ್ಮೆ ಸರಿಮಾಡಿಸಿ, ಹೊಸ ಬೆಳ್ಳಿಯ ಲೇಪ ಹಿಡಿಸಿ ತಂದೆ. ಮಳೆಗಾಲಕ್ಕೆ ಹುಡುಗಿ ವಿಶ್ವವಿದ್ಯಾಲಯದ ಹಾಸ್ಟೆಲು ಸೇರಿದಳು. ಓದಿನ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಹೇಳುತ್ತಿದ್ದಳು, ದೀಪಾವಳಿಯ ಬಗ್ಗೆ ಒಂದು ಮಾತೂ ಎತ್ತುತ್ತಿರಲಿಲ್ಲ.

ದೀಪಾವಳಿ ಬಂತು, ಮೋಡವೂ ಬಂತು. ಹಬ್ಬದ ದಿನಗಳೆಲ್ಲ ಜಿಟಿಜಿಟಿ ಮಳೆ. ದುರ್ಬೀನು ಮಾಳಿಗೆಯ ಮೆಟ್ಟಿಲ ಕೆಳಗೆ ಕೌದಿ ಹೊದ್ದು ನಿಂತಿತ್ತು. ಹೋಗುತ್ತ ಬರುತ್ತ ಎಲ್ಲರೂ ಅದನ್ನು ಮುಟ್ಟಿ ನೋಡುತ್ತಿದ್ದರು. ತಮ್ಮನ ಹೆಂಡತಿ ಅದಕ್ಕೂ ಒಂದು ಆರತಿ ಎತ್ತಿದಳು, ನಾನು ಬೇಡವೆನ್ನಲಿಲ್ಲ. ಹುಡುಗಿ ಮರಳಿ ಹೋಗುವ ಹಿಂದಿನ ಸಂಜೆ ಪಡುವಣ ಗಾಳಿ ಬೀಸಿ ಆಕಾಶ ತೆರೆಯಿತು. ನಾನು ದುರ್ಬೀನು ನಿಲ್ಲಿಸಿ, ಶನಿಯ ಕಡೆ ಹಿಡಿದು, ಸರಿದು ನಿಂತೆ. ಹುಡುಗಿಯೂ ನೋಡಲಿಲ್ಲ. ನಮೂನೆ ಕೊಟ್ಟವರು ಮಾಲು ತಪಾಸು ಮಾಡುವ ಪದ್ಧತಿಯಿಲ್ಲ.

ತಮ್ಮ ಬಂದು ಕಣ್ಣು ಹಚ್ಚಿದ. ಕೆಳಗೆ ಯಾರದೋ ಮನೆಯ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಮೆಟ್ಟಿಲ ಹತ್ತಿರದ ದೀಪದ ಕೆಳಗೆ ಹೋಗಿ ಕಿಸೆಯಿಂದ ನೀಲಿ ಕಾಗದ ತೆಗೆದ. ಬಿಚ್ಚಿದ, ನೋಡಿದ, ಮಡಿಸಿದ. ಮತ್ತೆ ದುರ್ಬೀನಿಗೆ ಬಂದ. ಮತ್ತೆ ದೀಪಕ್ಕೆ ಹೋದ. ಹುಡುಗಿ ಮಾಳಿಗೆಯ ಕಟ್ಟೆ ಹಿಡಿದು ನಿಂತಿದ್ದಳು. ನಾನು ಅವಳ ಪಕ್ಕದಲ್ಲಿದ್ದೆ.

“ಬಳಿ ಹೊಂದತೈತಿ,” ಎಂದ ಕೊನೆಗೆ. “ಆದ್ರ ನಮೂನ್ಯಾಗ ಇಲ್ಲದ್ದೊಂದು ಐತಿ.”

ಹುಡುಗಿ ಓಡಿ ಹೋಗಿ ನೋಡಿದಳು. ಆಮೇಲೆ ನನ್ನನ್ನು ಕರೆದಳು. ಬುಂದಿ ಕಾಳು, ಅದರ ನಡುವೆ ಚುಚ್ಚಿದ ಬೆಳಕಿನ ಸೂಜಿ, ಅವಳು ಬರೆದು ಕೊಟ್ಟಂತೆಯೇ. ಬಳೆಯಿಂದ ತುಸು ದೂರದಲ್ಲಿ ಒಂದು ಸಣ್ಣ ಚುಕ್ಕೆ.

“ಅದು ಏನು? ಕಸ ಏನು?” ಎಂದ ತಮ್ಮ. ಹತ್ತಿಯಲ್ಲಿ ಕಸ ಕಂಡರೆ ಅವನು ಗಾಡಿ ತಿರುಗಿಸುವವನು.

“ಕಸ ಅಲ್ರೀ ಅಪ್ಪಾ, ಅದು ಶನಿಯ ಚಂದ್ರ. ಎಲ್ಲಾಕಿಂತ ದೊಡ್ಡದು. ಅದಕ್ಕ ತನ್ನದ ಗಾಳಿ ಐತಿ, ಮೋಡ ಅದಾವು.”

“ಮತ್ತ ನಮೂನ್ಯಾಗ ಯಾಕ ಹಾಕಲಿಲ್ಲ?”

“ಅದು ಸುತ್ತತಿರತೈತ್ರಿ. ಈ ಹೊತ್ತಿಗೆ ಎಲ್ಲಿರತೈತಿ ಅಂತ ಲೆಕ್ಕ ಹಾಕಲಿಕ್ಕೆ ಆಗ ಬರತಿರಲಿಲ್ಲ. ಈಗ ಬರತೈತಿ.”

ತಮ್ಮ ಮತ್ತೊಮ್ಮೆ ಬಗ್ಗಿ ನೋಡಿದ. ಈ ಸಲ ಕೈಮುಗಿದಿರಲಿಲ್ಲ, ಚಪ್ಪಲಿ ಬಿಡಲೂ ಮರೆತಿದ್ದ. ನೋಡುತ್ತಲೇ ಹೇಳಿದ, “ಹೆಚ್ಚಿಗಿ ಬಂದ ಮಾಲಿಗೆ ಯಾರು ತಕರಾರು ತೆಗಿತಾರ. ಓದು ಮುಗಿಸು.”

ಅವಳು ಓದು ಮುಗಿಸಿದಳು, ಅಲ್ಲಿಗೇ ನಿಲ್ಲಲೂ ಇಲ್ಲ. ಮರುವರ್ಷ ಬೇಸಿಗೆಗೆ ಬಂದಾಗ ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ಪಕ್ಕ ಎರಡು ಬಿದಿರುಗಳ ನಡುವೆ ತಂತಿ ಕಟ್ಟಿ ಅದನ್ನು ರೇಡಿಯೋಕ್ಕೆ ಜೋಡಿಸಿದಳು. ರಜೆಗೆ ಅಲ್ಲಿಗೆ ಬಂದಿದ್ದ ನಾನು ನಸುಕಿನಲ್ಲಿ ಏಳುವವಳಾದ್ದರಿಂದ ನನಗೇ ಕೇಳುವ ಕೆಲಸ ಬಂತು. ಗುರುಗ್ರಹದ ಸುತ್ತ ಕಣ್ಣಿಗೆ ಕಾಣದ ಒಂದು ಕಾಂತಗೋಳವಿದೆ, ಆ ಗ್ರಹದ ಅಯಸ್ಕಾಂತದ ಬಲ ನಡೆಯುವ ಸೀಮೆ ಅದು, ಅದು ಕಂಡಿದ್ದರೆ ನಮ್ಮ ಆಕಾಶದಲ್ಲಿ ಹುಣ್ಣಿಮೆಯ ಚಂದ್ರನಿಗಿಂತ ದೊಡ್ಡದಾಗಿ ಕಾಣುತ್ತಿತ್ತು ಎಂದು ಅವಳು ಹೇಳಿದ್ದಳು. ಗುರುವಿನ ಒಂದು ಚಂದ್ರ ಜ್ವಾಲಾಮುಖಿಗಳಿಂದ ಗಂಧಕ ಉಗುಳುತ್ತ ಆ ಸೀಮೆಯೊಳಗೆ ಸುತ್ತುತ್ತದೆ. ಆಗ ಏಳುವ ಗದ್ದಲ ರೇಡಿಯೋದಲ್ಲಿ ಕೇಳಿಸುತ್ತದೆ. ಬಹಳ ಮುಂಜಾನೆಗಳು ಬರಿದಾಗಿ ಹೋದವು. ಒಂದು ಮುಂಜಾನೆ ಕೇಳಿಸಿತು. ಮೊರದಲ್ಲಿ ಜೋಳ ಕೇರಿದಂತೆ, ಏರುತ್ತ ಇಳಿಯುತ್ತ. ತಮ್ಮನನ್ನು ಎಬ್ಬಿಸಿದೆ. ಅವನು ಕಣ್ಣು ಒರೆಸಿಕೊಂಡು ಕುಳಿತು ಕೇಳಿ, ಇದಕ್ಕೂ ಅಯ್ಯನವರಲ್ಲಿ ಏನಾದರೂ ಹೆಸರಿದೆಯೋ ಏನೋ, ನಾನಂತೂ ಕೇಳಲು ಹೋಗುವುದಿಲ್ಲ ಎಂದ.

ಸಾಡೇಸಾತಿ ಯಾವಾಗ ಮುಗಿಯಿತೆಂದು ಯಾರೂ ಗಮನಿಸಲಿಲ್ಲ. ಆ ಹೊತ್ತಿಗೆ ಹುಡುಗಿ ಧಾರವಾಡದಲ್ಲಿ ಇಂಥ ಕಾಂತಗೋಳಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದಳು. ಅದನ್ನು ಮುಗಿಸಿ ಕಿತ್ತೂರಿನಲ್ಲಿ ಕಾಲೇಜಿನ ಮಕ್ಕಳಿಗೆ ಕಲಿಸತೊಡಗಿದಳು. ದುರ್ಬೀನು ಅವಳ ಜೊತೆ ಕಿತ್ತೂರಿಗೆ ಹೋಯಿತು. ಈ ಸಲ ಬಸ್ಸಿನಲ್ಲಲ್ಲ, ತಮ್ಮನ ಹತ್ತಿಯ ಗಾಡಿಯಲ್ಲಿ, ಅಂಡಿಗೆಗಳ ನಡುವೆ ಮೆತ್ತಗೆ ಕುಳಿತು.

೨೦೦೫ರ ಜನವರಿಯಲ್ಲಿ ಒಂದು ಮುಂಜಾನೆ ತಮ್ಮನ ಫೋನು ಬಂತು. ನಾನು ನಿವೃತ್ತಳಾಗಿ ಸವದತ್ತಿಯ ಮನೆಯಲ್ಲಿದ್ದೆ, ಪೇಪರು ಇನ್ನೂ ಬಂದಿರಲಿಲ್ಲ. ಬೈಲಹೊಂಗಲಕ್ಕೆ ಅದು ಬೇಗ ಬರುತ್ತದೆ. ಶನಿಯ ಆ ದೊಡ್ಡ ಚಂದ್ರನ ಮೇಲೆ ಒಂದು ಯಂತ್ರ ಇಳಿದಿದೆ, ಮೋಡದೊಳಗಿಂದ ಛತ್ರಿ ಹಿಡಿದು ಇಳಿದಿದೆ, ನೆಲದ ಫೋಟೋ ಬಂದಿದೆ, ನಮ್ಮ ಮಲಪ್ರಭೆಯ ಹೊಳೆಯಲ್ಲಿ ಇರುವಂಥ ದುಂಡು ಕಲ್ಲುಗಳೇ ಬಿದ್ದಿವೆ ಎಂದು ಒಂದೇ ಉಸಿರಿಗೆ ಓದಿ ಹೇಳಿದ. ಮಗಳಿಗೆ ತಿಳಿಸಿದೆಯಾ ಎಂದೆ. ಅವಳಿಗೆ ರಾತ್ರಿಯೇ ಗೊತ್ತಾಗಿತ್ತಂತೆ. ಈಗ ಅವಳು ಪಾಠದಲ್ಲಿದ್ದಳು, ಅದಕ್ಕೇ ನನಗೆ ಮಾಡಿದ್ದ.

“ಅಕ್ಕಾ,” ಎಂದ, “ಹೆಚ್ಚಿಗಿ ಮಾಲು ಅಂದಿದ್ದೆ ನೋಡು. ಅಂಡಿಗಿ ಈಗ ಬಿಚ್ಚಾಕ ಹತ್ಯಾರ.”